ಮೂರು ಕಿಲೋಮೀಟರ್ ಇಳಿಯಬೇಕಿದ್ದ ರಂಧ್ರ 300 ಮೀಟರಿನಲ್ಲೇ ನಿಂತದ್ದು ಯಾಕೆ? ಎಲ್ಸ್‌ವರ್ತ್ ಸರೋವರದ ಪ್ರಕರಣ

ಇದು ಸೋತ ಯೋಜನೆಯೊಂದರ ಅಧ್ಯಯನ. 2012ರ ಡಿಸೆಂಬರಿನಲ್ಲಿ ಬ್ರಿಟನ್ನಿನ ತಂಡವೊಂದು ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ 3 ಕಿಲೋಮೀಟರಿಗೂ ಜಾಸ್ತಿ ದಪ್ಪದ ಮಂಜುಗಡ್ಡೆಯನ್ನು ಕೊರೆದು, ಅದರಡಿಯ ಎಲ್ಸ್‌ವರ್ತ್ ಸರೋವರದಿಂದ ನೀರು ಮತ್ತು ಕೆಸರು ತರಲು ಹೊರಟಿತ್ತು. ಹಿಂದೆ 16 ವರ್ಷಗಳ ತಯಾರಿ ಇತ್ತು. ಸುಮಾರು 80 ಲಕ್ಷ ಪೌಂಡ್ ಖರ್ಚಾಗಿತ್ತು. ಕೆಲಸ ನಿಂತದ್ದು 300 ಮೀಟರಿನಲ್ಲಿ.

ತಂಡದವರ ಹೆಸರುಗಳು ಆಗಿನ ಪತ್ರಿಕೆಗಳಲ್ಲೆಲ್ಲ ಬಂದಿವೆ. ಇಲ್ಲಿ ಅವರನ್ನು ಮಾಡಿದ ಕೆಲಸದಿಂದಷ್ಟೇ ಕರೆಯುತ್ತೇನೆ. ಯಾರು ಎಡವಿದರು ಅನ್ನುವುದು ಈ ಪ್ರಕರಣದಲ್ಲಿ ಅಷ್ಟು ಮುಖ್ಯವಲ್ಲ. ಒಂದು ಸರಿಯಾದ ನಿರ್ಧಾರ ಇನ್ನೊಂದನ್ನು ಹೇಗೆ ಎಳೆದು ತಂದಿತು, ಕೊನೆಗೆ ಇಡೀ ಯೋಜನೆಯ ಭಾರ 2 ಮೀಟರ್ ಅಂತರದ ಮೇಲೆ ಹೇಗೆ ಬಂದು ಕೂತಿತು ಅನ್ನುವುದನ್ನು ನೋಡಬೇಕು.

ಹಿನ್ನೆಲೆ

ಅಂಟಾರ್ಕ್ಟಿಕಾದ ವೊಸ್ತೋಕ್ ನೆಲೆಯಲ್ಲಿ 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಅದೇ ನೆಲೆಯ ಕೆಳಗೆ 250 ಕಿಲೋಮೀಟರ್ ಉದ್ದದ, ಹೆಪ್ಪುಗಟ್ಟದ ಸರೋವರ ಇದೆ. ಇದಕ್ಕೆ ಕಾರಣ ಎರಡು. ಭೂಮಿಯ ಒಳಗಿನಿಂದ ಸದಾ ಸ್ವಲ್ಪ ಶಾಖ ಬರುತ್ತಿರುತ್ತದೆ, ದಪ್ಪ ಐಸ್ ಅದನ್ನು ಬೇಗ ಮೇಲಕ್ಕೆ ಬಿಡುವುದಿಲ್ಲ. ಜೊತೆಗೆ ಮೇಲಿನ ಭಾರ. ಮೂರು ನಾಲ್ಕು ಕಿಲೋಮೀಟರ್ ಐಸ್ ಒತ್ತುತ್ತಿದ್ದರೆ ತಳದಲ್ಲಿ ಅದು ಸೊನ್ನೆಯ ಬದಲು ಮೈನಸ್ 2–3 ಡಿಗ್ರಿಯಲ್ಲೇ ಕರಗುತ್ತದೆ. ಕರಗಿದ ನೀರು ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಅಂಟಾರ್ಕ್ಟಿಕಾದ ಅಡಿಯಲ್ಲಿ ಇಂಥ 675 ಸರೋವರಗಳನ್ನು 2022ರ ಪಟ್ಟಿಯೊಂದು ಎಣಿಸಿದೆ.

ಬಹಳ ಕಾಲ ಇವನ್ನೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ, ಲಕ್ಷಾಂತರ ವರ್ಷ ಮುಚ್ಚಿಹೋದ ನೀರು ಅಂತಲೇ ನಂಬಿದ್ದರು. 2006ರಲ್ಲಿ ಆ ನಂಬಿಕೆ ಬಿತ್ತು. ಉಪಗ್ರಹದ ರೇಡಾರ್ ಅಳತೆಗಳನ್ನು ನೋಡುತ್ತಿದ್ದವರಿಗೆ ಪೂರ್ವ ಅಂಟಾರ್ಕ್ಟಿಕಾದ ಒಂದು ಕಡೆ ಐಸ್ ಮೇಲ್ಮೈ 3 ಮೀಟರಿನಷ್ಟು ಕುಸಿದದ್ದು ಕಂಡಿತು. ಸುಮಾರು 290 ಕಿಲೋಮೀಟರ್ ಆಚೆ ಅದೇ ಹೊತ್ತಿಗೆ ಮೇಲ್ಮೈ ಉಬ್ಬಿತ್ತು. 1996ರಿಂದ 1998ರ ನಡುವೆ, 16 ತಿಂಗಳಲ್ಲಿ, 1.8 ಘನ ಕಿಲೋಮೀಟರ್ ನೀರು ಒಂದು ಸರೋವರದಿಂದ ಇನ್ನೊಂದು ಕಡೆಗೆ ಹರಿದುಹೋಗಿತ್ತು. ಮೇಲೆ ನಿಂತವರಿಗೆ ಒಂದು ಸದ್ದೂ ಕೇಳಿಸದ ಹಾಗೆ! ಇವು ಬೇರೆ ಬೇರೆ ಗುಂಡಿಗಳಲ್ಲ, ಒಂದಕ್ಕೊಂದು ಕೋಡಿ ಬೀಳುವ ಜಾಲ ಅಂತ ಗೊತ್ತಾದದ್ದು ಆಗ.

ಈ ಸಂಶೋಧನೆ ನಮ್ಮ ಪ್ರಕರಣಕ್ಕೆ ನೇರವಾಗಿ ತಟ್ಟುತ್ತದೆ. ಒಂದು ಸರೋವರಕ್ಕೆ ಮೇಲಿನ ಸೂಕ್ಷ್ಮಜೀವಿಗಳನ್ನೋ ಎಣ್ಣೆಯನ್ನೋ ಬಿಟ್ಟರೆ ಅದು ಅಲ್ಲೇ ಉಳಿಯುತ್ತದೆ ಅನ್ನುವ ಸಮಾಧಾನ ಇನ್ನು ಹೇಳಿಕೊಳ್ಳುವಂತಿರಲಿಲ್ಲ. ಅದು ಹರಿದು ಕೆಳಗಿನ ಸರೋವರಗಳಿಗೂ ಹೋಗಬಹುದು. ಹಾಗಾಗಿ ಸ್ವಚ್ಛವಾಗಿ ಕೊರೆಯುವುದು ಕಡ್ಡಾಯ ಅನ್ನುವ ಮಾತು ಗಟ್ಟಿಯಾಯಿತು.

ಎಲ್ಸ್‌ವರ್ತ್ ಸರೋವರವನ್ನು ಆರಿಸಿದ್ದಕ್ಕೆ ಒಳ್ಳೆಯ ಕಾರಣಗಳಿದ್ದವು. 14 ಕಿಲೋಮೀಟರಿಗೂ ಜಾಸ್ತಿ ಉದ್ದ, 3 ಕಿಲೋಮೀಟರ್ ಅಗಲ, 150 ಮೀಟರಿಗೂ ಮಿಕ್ಕ ಆಳ. ಪೂರ್ತಿ ಅಳೆದು ಮುಗಿಸುವಷ್ಟು ಚಿಕ್ಕದು, ಆದರೆ ತಳದಲ್ಲಿ ಕೆಸರು ಪದರ ಪದರವಾಗಿ ಕೂತಿರಬಹುದಾದಷ್ಟು ಆಳ. ಆ ಕೆಸರಿನ ಮೇಲೆ ಎಲ್ಲರ ಕಣ್ಣು. ಪಶ್ಚಿಮ ಅಂಟಾರ್ಕ್ಟಿಕಾದ ಹಿಮಹಾಸು ಹಿಂದೆ ಯಾವಾಗಲಾದರೂ ಕುಸಿದಿತ್ತೇ, ಮತ್ತೆ ಕುಸಿದರೆ ಸಮುದ್ರ ಎಷ್ಟು ಏರೀತು ಅನ್ನುವ ಪ್ರಶ್ನೆಗೆ ಅಲ್ಲಿ ಸುಳಿವು ಸಿಗಬಹುದಿತ್ತು. ಇನ್ನು, ಬೆಳಕೇ ಕಾಣದ ನೀರಿನಲ್ಲಿ ಜೀವ ಇದೆಯೇ ಅನ್ನುವ ಪ್ರಶ್ನೆ ಹೇಗೂ ಇತ್ತು.

ಸಮಸ್ಯೆ: ಸ್ವಚ್ಛತೆಯ ಬೆಲೆ

ವೊಸ್ತೋಕ್‌ನಲ್ಲಿ ರಷ್ಯನ್ನರು ಹತ್ತಾರು ವರ್ಷಗಳಿಂದ ಕೊರೆಯುತ್ತಾ ಬಂದಿದ್ದರು. ರಂಧ್ರ ಮುಚ್ಚಿಹೋಗದ ಹಾಗೆ ಅದರಲ್ಲಿ ಸೀಮೆಎಣ್ಣೆ ಬೆರೆತ ದ್ರವ ತುಂಬಿಸಿದ್ದರು. 2012ರ ಫೆಬ್ರವರಿ 5ರಂದು 3,769 ಮೀಟರಿನಲ್ಲಿ ಅವರು ಸರೋವರ ಮುಟ್ಟಿದರು. ನೀರು ತಾನಾಗಿ ರಂಧ್ರದೊಳಗೆ ಏರಿ ಹೆಪ್ಪುಗಟ್ಟಿತು. ಆದರೆ ಆ ಐಸ್ ಕೊರೆಯುವ ದ್ರವ ತಾಗಿದ್ದು. ಅದರಲ್ಲಿ ಸಿಕ್ಕ ಜೀವಿ ಸರೋವರದ್ದೋ ಸೀಮೆಎಣ್ಣೆಯದ್ದೋ ಅನ್ನುವ ಜಗಳ ಶುರುವಾಯಿತು.

ಬ್ರಿಟಿಷ್ ತಂಡಕ್ಕೆ ಆ ಜಗಳ ಬೇಡವಾಗಿತ್ತು. ಅವರ ಮೊದಲ ನಿರ್ಧಾರ, ಎಣ್ಣೆ ಬೇಡ, ಬಿಸಿನೀರಿನಿಂದ ಕೊರೆಯೋಣ ಅಂತ. ಅಲ್ಲಿನ ಹಿಮವನ್ನೇ ಕರಗಿಸಿ, 0.2 ಮೈಕ್ರಾನಿನಷ್ಟು ಸಣ್ಣ ಕಣವೂ ನುಸುಳದ ಫಿಲ್ಟರ್‌ಗಳಲ್ಲಿ ಸೋಸಿ, ನೇರಳಾತೀತ ಬೆಳಕಿಗೆ ಒಡ್ಡಿ, ಸುಮಾರು 90 ಡಿಗ್ರಿಗೆ ಕಾಯಿಸಿ, 3.4 ಕಿಲೋಮೀಟರ್ ಉದ್ದದ ಒಂದೇ ಹೋಸ್‌ ಪೈಪಿನಲ್ಲಿ ಒತ್ತಡದಿಂದ ಕೆಳಕ್ಕೆ ಬಿಡುವುದು. ಪೈಪಿನ ತುದಿಯಿಂದ ಚಿಮ್ಮುವ ನೀರು ಐಸನ್ನು ಕರಗಿಸುತ್ತಾ ಇಳಿಯುತ್ತದೆ. ಸ್ವಚ್ಛತೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಆದರೆ ಬಿಸಿನೀರಿನ ರಂಧ್ರ ಬೇಗ ಮುಚ್ಚಿಕೊಳ್ಳುತ್ತದೆ. ಸುತ್ತಲಿನ ಐಸ್ ತಣ್ಣಗಿದೆ, ಒಳಗಿರುವುದು ಬರೀ ನೀರು. ಸುಮಾರು 36 ಸೆಂಟಿಮೀಟರ್ ಅಗಲದ ರಂಧ್ರ ಕೊರೆದು ಮುಗಿಸಿದ ಮೇಲೆ ಉಪಕರಣ ಇಳಿಸಿ, ನೀರು ತುಂಬಿಸಿಕೊಂಡು, ಕೆಸರು ತೆಗೆದು ವಾಪಸ್ ಬರಲು ಸಿಗುವುದು 24 ಗಂಟೆ ಮಾತ್ರ. ಅಂದರೆ ಕೊರೆಯುವ ಕೆಲಸ ಒಮ್ಮೆ ಶುರುವಾದರೆ ಹಗಲು ರಾತ್ರಿ ನಿಲ್ಲದೆ ನಡೆಯಬೇಕು. ನಡುವೆ ಬಿಟ್ಟು ನಾಳೆ ನೋಡೋಣ ಅನ್ನುವಂತಿಲ್ಲ.

ಇಂಧನದ ಲೆಕ್ಕ ಇದರ ಬೆನ್ನಿಗೇ ಬಂತು. 36 ಸೆಂಟಿಮೀಟರ್ ಅಗಲ, 3.2 ಕಿಲೋಮೀಟರ್ ಆಳ ಅಂತ ಇಟ್ಟುಕೊಂಡು ಗುಣಿಸಿ ನೋಡಿ. ಸುಮಾರು 300 ಟನ್ ಐಸ್ ಕರಗಿಸಬೇಕು. ಅದರ ಮೇಲೆ ನೀರು ಕಾಯಿಸಲು, ಕಾದದ್ದು ಅಷ್ಟುದ್ದದ ಪೈಪಿನಲ್ಲಿ ಆರಿಹೋಗುವುದಕ್ಕೆ ಸರಿದೂಗಿಸಲು ಇನ್ನಷ್ಟು ಶಾಖ. ಇಂಧನದ ಪ್ರತಿ ಹನಿಯನ್ನೂ ಅಲ್ಲಿಗೆ ಹೊತ್ತು ತರಬೇಕು. ಹತ್ತಿರದಲ್ಲಿ ಬಂಕ್ ಇಲ್ಲ, ಅಲ್ವಾ? ಹಾಗಾಗಿ ಒಮ್ಮೆ ಕಾಯಿಸಿದ ನೀರನ್ನು ಸುಮ್ನೆ ಬಿಡುವಂತಿಲ್ಲ. ಅದನ್ನು ಮೇಲಕ್ಕೆ ಎಳೆದು, ಮತ್ತೆ ಕಾಯಿಸಿ, ಮತ್ತೆ ಕೆಳಕ್ಕೆ ಕಳಿಸಬೇಕು.

ನೀರನ್ನು ಎಲ್ಲಿಂದ ಎಳೆಯುವುದು? ಇಲ್ಲಿ ಭೌತಶಾಸ್ತ್ರ ಒಂದು ಷರತ್ತು ಹಾಕುತ್ತದೆ. ಐಸ್ ನೀರಿಗಿಂತ ಸುಮಾರು ಶೇ. 8ರಷ್ಟು ಹಗುರ. ಆದ್ದರಿಂದ ರಂಧ್ರ ಸರೋವರಕ್ಕೆ ಕೂಡಿಕೊಂಡಾಗ ಒಳಗಿನ ನೀರು ನೆಲದ ಮಟ್ಟಕ್ಕೆ ಬರುವುದಿಲ್ಲ. ಸುಮಾರು 270 ಮೀಟರ್ ಕೆಳಗೇ ನಿಲ್ಲುತ್ತದೆ. ರಂಧ್ರದಲ್ಲಿ ಅದಕ್ಕಿಂತ ಮೇಲಿನವರೆಗೆ ನೀರಿದ್ದರೆ ಸರೋವರ ಮುಟ್ಟಿದ ಕ್ಷಣ ನಮ್ಮ ನೀರು ಅದರೊಳಗೆ ನುಗ್ಗುತ್ತದೆ. ಕೆಳಗಿದ್ದರೆ ಸರೋವರದ ನೀರು ರಂಧ್ರಕ್ಕೆ ನುಗ್ಗುತ್ತದೆ. ಎರಡೂ ಬೇಡ. ಪಂಪು ಆ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕೂತು ನೀರನ್ನು ಸಮತೋಲದಲ್ಲಿ ಇಡಬೇಕು.

ಹೀಗೆ ಹುಟ್ಟಿದ್ದು 300 ಮೀಟರಿನ ಪೊಟರೆ. ಮೊದಲು ಒಂದು ಸಹಾಯಕ ರಂಧ್ರ ಕೊರೆಯುವುದು. 300 ಮೀಟರಿನಲ್ಲಿ ನಿಂತು ಬಿಸಿನೀರು ಬಿಡುತ್ತಾ ಇದ್ದು, ಅಲ್ಲಿ ನೀರು ತುಂಬಿದ ಪೊಟರೆಯೊಂದನ್ನು ಕರಗಿಸುವುದು. ಪಂಪನ್ನು ಅದರಲ್ಲಿ ಇಳಿಸುವುದು. ಆಮೇಲೆ ಸುಮಾರು 2 ಮೀಟರ್ ಪಕ್ಕದಲ್ಲಿ ಮುಖ್ಯ ರಂಧ್ರ ಶುರು ಮಾಡಿ, ಅದು ಇಳಿಯುವಾಗ ಈ ಪೊಟರೆಯನ್ನು ಹಾದು ಹೋಗುವ ಹಾಗೆ ನೋಡಿಕೊಳ್ಳುವುದು. ಎರಡೂ ಕೂಡಿಕೊಂಡರೆ ನೀರು ಸುತ್ತುತ್ತದೆ, ಇಂಧನ ಉಳಿಯುತ್ತದೆ, ಒತ್ತಡ ಸಮ ಇರುತ್ತದೆ.

ಉಪಾಯ ಹೊಸದೇನಲ್ಲ. ಸಮುದ್ರದ ಮೇಲೆ ತೇಲುವ ಐಸ್ ಚಾಚುಗಳನ್ನು ಬಿಸಿನೀರಿನಿಂದ ಕೊರೆಯುವವರು ಇಂಥದ್ದನ್ನು ಬಳಸುತ್ತಿದ್ದರು. ಬಹುಶಃ ಅದಕ್ಕೇ ಯೋಜನೆಯ ಬಗ್ಗೆ ಹೊರಗೆ ನಡೆದ ಚರ್ಚೆಯಲ್ಲಿ ಇದರ ಹೆಸರೇ ಕೇಳಿಬರುತ್ತಿರಲಿಲ್ಲ. ಮಾತೆಲ್ಲ ಹೈಡ್ರೋಜನ್ ಪೆರಾಕ್ಸೈಡ್ ಆವಿಯಲ್ಲಿ ಶುದ್ಧ ಮಾಡಿದ ಟೈಟಾನಿಯಂ ಉಪಕರಣದ ಬಗ್ಗೆ, ಅದರ 24 ಬಾಟಲಿಗಳ ಬಗ್ಗೆ, ಸರೋವರ ಮುಟ್ಟುವ ಕ್ಷಣದ ಬಗ್ಗೆ.

ನಡೆದದ್ದು

ಸುಮಾರು 100 ಟನ್ ಸಾಮಾನು ಹಿಂದಿನ ಬೇಸಿಗೆಯಲ್ಲೇ ಹಿಮದ ಮೇಲೆ ಎಳೆಬಂಡಿಗಳಲ್ಲಿ ಬಂದಿತ್ತು. 2012ರ ಡಿಸೆಂಬರಿನಲ್ಲಿ 12 ಜನರ ತಂಡ ಜಾಗದಲ್ಲಿತ್ತು. ತಿಂಗಳ ಮಧ್ಯದ ಹೊತ್ತಿಗೆ ಕೊರೆಯುವುದು ಶುರುವಾಯಿತು.

ಮೊದಲ ಪೆಟ್ಟು ಬಾಯ್ಲರಿನದು. ಬರ್ನರ್ ನಿಯಂತ್ರಿಸುವ ಸರ್ಕ್ಯೂಟ್ ಕೆಟ್ಟಿತು. ಇಟ್ಟುಕೊಂಡಿದ್ದ ಬದಲಿ ಸರ್ಕ್ಯೂಟನ್ನು ಹಾಕಿದರು, ಅದೂ ಕೆಟ್ಟಿತು. ಬ್ರಿಟನ್ನಿನಿಂದ ಚಿಲಿ ಮಾರ್ಗವಾಗಿ ಹೊಸದು ಬರುವವರೆಗೆ ಕೆಲಸ ನಿಂತಿತು. ಸೋಲಿಗೆ ಇದೇ ಕಾರಣ ಅಂತ ಆಗ ಓದಿದವರು ಬಹಳ ಜನ ಅಂದುಕೊಂಡರು. ನನಗೆ ಹಾಗೆ ಅನ್ನಿಸುವುದಿಲ್ಲ. ಬಾಯ್ಲರ್ ರಿಪೇರಿಯಾಯಿತು, ಕೆಲಸ ಮುಂದುವರಿಯಿತು. ಅದು ದಿನಗಳನ್ನು ತಿಂದಿತು, ಯೋಜನೆಯನ್ನು ಕೊಲ್ಲಲಿಲ್ಲ.

ಸಹಾಯಕ ರಂಧ್ರ 300 ಮೀಟರ್ ಮುಟ್ಟಿತು. ಪೊಟರೆ ಕರಗಲಿ ಅಂತ 12 ಗಂಟೆ ಬಿಟ್ಟರು. ನಂತರ ಪಕ್ಕದಲ್ಲಿ ಮುಖ್ಯ ರಂಧ್ರ ಇಳಿಸಿದರು. ಅದು 300 ಮೀಟರ್ ತಲುಪುತ್ತಿದ್ದಂತೆ ಪೊಟರೆಗೆ ಕೂಡಿಕೊಳ್ಳಬೇಕಿತ್ತು. ಕೂಡಿಕೊಳ್ಳಲಿಲ್ಲ.

ಯಾಕೆ ಅಂತ ಆ ಹೊತ್ತಿನಲ್ಲಿ ಮೇಲಿದ್ದ ಯಾರಿಗೂ ಹೇಳಲು ಆಗಲಿಲ್ಲ. ಪೊಟರೆ ಬೇಕಾದಷ್ಟು ಅಗಲ ಆಗಿರಲಿಲ್ಲವೋ, ರಂಧ್ರಗಳಲ್ಲಿ ಒಂದು ವಾಲಿತ್ತೋ? ನಮ್ಮ ಕಡೆ ಬೋರ್‌ವೆಲ್ ಕೊರೆಸಿದವರಿಗೆ ಇದರ ಕಷ್ಟ ಗೊತ್ತು. ಮೇಲಿನಿಂದ ಬೋರು ನೇರವಾಗೇ ಕಾಣುತ್ತದೆ, ಸೊಟ್ಟಗಿದೆ ಅಂತ ತಿಳಿಯುವುದು ಮೋಟರ್ ಇಳಿಸುವಾಗ. ಇಲ್ಲಿ ಲೆಕ್ಕ ಇನ್ನೂ ನಿರ್ದಯಿ. 300 ಮೀಟರ್ ಆಳಕ್ಕೆ ರಂಧ್ರ ಅರ್ಧ ಡಿಗ್ರಿ ವಾಲಿದರೆ ಸಾಕು, ತುದಿ 2.6 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಎರಡು ರಂಧ್ರಗಳ ನಡುವೆ ಇಟ್ಟುಕೊಂಡ ಅಂತರವೇ 2 ಮೀಟರ್. ಎರಡೂ ಒಂದಕ್ಕೊಂದು ದೂರಕ್ಕೆ ವಾಲಿದ್ದರಂತೂ ಕೇಳುವುದೇ ಬೇಡ.

ಮುಖ್ಯ ತಿರುವು ಇಲ್ಲಿದೆ. ತಂಡದ ಮುಂದೆ ಎರಡು ದಾರಿ ಇದ್ದವು. ಅಲ್ಲೇ ನಿಲ್ಲಿಸುವುದು, ಇಲ್ಲವೇ ಬಿಸಿನೀರು ಬಿಡುತ್ತಾ ಪೊಟರೆ ಹಿಗ್ಗಿ ರಂಧ್ರಗಳು ಕೂಡಿಯಾವು ಅಂತ ಕಾಯುವುದು. ಅವರು ಕಾಯ್ದರು. 20 ಗಂಟೆಗೂ ಜಾಸ್ತಿ ಪ್ರಯತ್ನಪಟ್ಟರು. ಅಲ್ಲಿದ್ದಿದ್ದರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಐಸ್ ಕರಗುತ್ತಾ ಇದೆ, ಇನ್ನು ಅರ್ಧ ಮೀಟರ್ ಇರಬಹುದು, ಇನ್ನೊಂದು ಗಂಟೆ ಸಾಕಾಗಬಹುದು ಅಂತ ಮನಸ್ಸು ಹೇಳುತ್ತಿರುತ್ತದೆ. ಎಷ್ಟು ಬಾಕಿ ಇದೆ ಅಂತ ತೋರಿಸುವ ಅಳತೆ ಕೈಯಲ್ಲಿಲ್ಲದಾಗ ಆ ಮಾತನ್ನು ತಳ್ಳಿಹಾಕುವುದು ಕಷ್ಟ.

ಈ ಗಂಟೆಗಳಲ್ಲಿ ಇನ್ನೊಂದು ನಷ್ಟವೂ ನಡೆಯುತ್ತಿತ್ತು. ಅಂಟಾರ್ಕ್ಟಿಕಾದ ಮೇಲಿನ ಪದರ ಗಟ್ಟಿ ಐಸ್ ಅಲ್ಲ. ಹತ್ತಾರು ಮೀಟರ್‌ಗಳವರೆಗೆ ಸಡಿಲ ಹಿಮ, ಮಧ್ಯೆ ಗಾಳಿ. ಕಾಯಿಸಿದ ನೀರು ಆ ಪದರಕ್ಕೆ ಹೀರಿಕೊಂಡು ಹೋಗುತ್ತಿತ್ತು. ನೀರು ಸುತ್ತಿ ವಾಪಸ್ ಬರದ ಕಾರಣ ತಂಡದವರು ಹೊಸ ಹಿಮ ಅಗೆದು ಕರಗಿಸುತ್ತಲೇ ಇದ್ದರು. ಹೋಗುವಷ್ಟು ಬರುತ್ತಿರಲಿಲ್ಲ. ಪ್ರತಿ ಲೀಟರ್ ಕಾಯಿಸಲು ಇಂಧನ ಉರಿಯುತ್ತಿತ್ತು. ಕೊನೆಗೆ ಉಳಿದ ಇಂಧನದಲ್ಲಿ ಸರೋವರದವರೆಗೆ ಕೊರೆಯಲು ಸಾಧ್ಯವಿಲ್ಲ ಅನ್ನುವುದು ಖಚಿತವಾಯಿತು. ಕ್ರಿಸ್‌ಮಸ್ ಹಿಂದಿನ ದಿನ, ಡಿಸೆಂಬರ್ 24ರಂದು, ಆ ವರ್ಷಕ್ಕೆ ಕೆಲಸ ನಿಲ್ಲಿಸುವ ತೀರ್ಮಾನ ಆಯಿತು.

ಆ ತೀರ್ಮಾನದ ಬಗ್ಗೆ ಒಂದು ಮಾತು. ಪಂಪಿಲ್ಲದೆ, ಒತ್ತಡ ಸಮ ಮಾಡದೆ ಹೇಗಾದರೂ ಇಳಿದುಬಿಡೋಣ ಅಂತ ಯಾರಿಗಾದರೂ ಆಸೆ ಹುಟ್ಟಬಹುದಿತ್ತು. ಇಂಧನ ಇದ್ದಿದ್ದರೂ ಅದು ತಪ್ಪೇ ಆಗುತ್ತಿತ್ತು. ಯಾವ ಸ್ವಚ್ಛತೆಗಾಗಿ ಇಷ್ಟೆಲ್ಲ ಕಷ್ಟಪಟ್ಟರೋ ಅದನ್ನೇ ಕೊನೆಯ ಗಳಿಗೆಯಲ್ಲಿ ಕೈಬಿಟ್ಟ ಹಾಗೆ. ಸರೋವರ ಮಲಿನವಾಗದೆ ಉಳಿಯಿತು. ಮಾದರಿ ಸಿಗಲಿಲ್ಲ, ಆದರೆ ಮುಂದೆ ಯಾರಾದರೂ ತೆಗೆಯುವ ಅವಕಾಶವನ್ನು ಇವರು ಹಾಳು ಮಾಡಲಿಲ್ಲ.

ಅದೇ ಬೇಸಿಗೆ, ಇನ್ನೊಂದು ಕಡೆ

ಇದಾಗಿ ಸುಮಾರು ಒಂದು ತಿಂಗಳಿಗೆ, 2013ರ ಜನವರಿ ಕೊನೆಯ ವಾರದಲ್ಲಿ, ಅಮೆರಿಕದ ತಂಡವೊಂದು ಬಿಸಿನೀರಿನಿಂದಲೇ ವಿಲ್ಲನ್ಸ್ ಸರೋವರ ಮುಟ್ಟಿತು. ಅಲ್ಲಿ ಐಸ್ ಸುಮಾರು 800 ಮೀಟರ್, ಸರೋವರದ ಆಳ 2 ಮೀಟರ್ ಅಷ್ಟೇ. ತುಂಬಿ ಖಾಲಿಯಾಗುತ್ತಾ ಇರುವ ಸರೋವರ ಅದು. ಮೇಲಿನ ಐಸ್ ಏರಿಳಿಯುವುದನ್ನು ಉಪಗ್ರಹದ ಲೇಸರ್ ನೋಡಿದ್ದರಿಂದಲೇ ಅದು ಪತ್ತೆಯಾದದ್ದು. ಪ್ರತಿ ಮಿಲಿಲೀಟರ್ ನೀರಿನಲ್ಲಿ ಸುಮಾರು 1.3 ಲಕ್ಷ ಸೂಕ್ಷ್ಮಜೀವಿ ಕೋಶಗಳಿದ್ದವು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಬೆಳಕಿಲ್ಲದ ಜಾಗದಲ್ಲೂ ಜೀವ ಇದೆಯೇ ಅನ್ನುವ ಪ್ರಶ್ನೆಗೆ ಸ್ವಚ್ಛವಾದ ಉತ್ತರ ಅಲ್ಲಿಂದ ಬಂತು.

ಅವರು ಗೆದ್ದರು, ಇವರು ಸೋತರು ಅಂತ ಹೋಲಿಸಿದರೆ ಏನೂ ಕಲಿತಂತಾಗುವುದಿಲ್ಲ. 800 ಮೀಟರ್ ಕೊರೆಯುವವರಿಗೆ ಎಡವಿ ಎದ್ದು ಮತ್ತೆ ಶುರು ಮಾಡುವಷ್ಟು ಇಂಧನ ಉಳಿಯಬಹುದು. 3 ಕಿಲೋಮೀಟರಿಗೆ ಹೊರಟವರಿಗೆ ಆ ಸಲಿಗೆ ಇಲ್ಲ. ನಾನು ಗಮನಿಸುವುದು ಬೇರೆಯದನ್ನು. ಅಮೆರಿಕದವರು ಸರೋವರಕ್ಕೆ ಹೋಗುವ ಮೊದಲು, ತಮ್ಮ ದೊಡ್ಡ ನೆಲೆ ಮೆಕ್‌ಮರ್ಡೊ ಹತ್ತಿರದ ಐಸ್ ಚಾಚಿನ ಮೇಲೆ ಯಂತ್ರವನ್ನು ಓಡಿಸಿ ನೋಡಿದ್ದರು. ಏನಾದರೂ ಕೆಟ್ಟರೆ ವರ್ಕ್‌ಶಾಪ್ ಪಕ್ಕದಲ್ಲೇ ಇತ್ತು. ಎಲ್ಸ್‌ವರ್ತ್‌ನಲ್ಲಿ ಕೆಟ್ಟ ಸರ್ಕ್ಯೂಟಿಗೆ ಬದಲಿ ಬರಬೇಕಾದದ್ದು ಇನ್ನೊಂದು ಖಂಡದಿಂದ.

ಏನು ಕಲಿಯಬಹುದು

ಈ ಪ್ರಕರಣದಲ್ಲಿ ಒಂದೊಂದು ನಿರ್ಧಾರವನ್ನೂ ಬಿಡಿಯಾಗಿ ನೋಡಿದರೆ ತಪ್ಪು ಹುಡುಕುವುದು ಕಷ್ಟ. ಎಣ್ಣೆ ಬೇಡ ಅಂದದ್ದು ಸರಿ. ನೀರನ್ನು ಸುತ್ತಿಸೋಣ ಅಂದದ್ದು ಸರಿ. ಒತ್ತಡ ಸಮ ಇಡೋಣ ಅಂದದ್ದೂ ಸರಿ. ಆದರೆ ನೀರು ಸುತ್ತಿಸುವುದು, ಒತ್ತಡ ಸಮ ಮಾಡುವುದು, ಇಂಧನ ಉಳಿಸುವುದು ಎಲ್ಲವನ್ನೂ ಒಂದೇ ಪೊಟರೆಗೆ ವಹಿಸಿದರು. ಅದು ಕೈಕೊಟ್ಟಾಗ ಮೂರೂ ಒಟ್ಟಿಗೆ ಹೋದವು. ಬದಲಿ ಸರ್ಕ್ಯೂಟ್ ತಂದಿದ್ದವರು ಬದಲಿ ಪೊಟರೆಗೆ ಬೇಕಾದ ಇಂಧನ ತಂದಿರಲಿಲ್ಲ. ಯೋಜನೆ ಮಾಡುವಾಗ ಯಂತ್ರಗಳ ಬಿಡಿಭಾಗಗಳನ್ನು ಪಟ್ಟಿ ಮಾಡುತ್ತೇವೆ. ಒಂದು ಹಂತವನ್ನೇ ಮತ್ತೆ ಮಾಡಬೇಕಾಗಿ ಬಂದರೆ ಅದಕ್ಕೆ ಏನು ಬೇಕು ಅಂತ ಪಟ್ಟಿ ಮಾಡುವುದು ಕಮ್ಮಿ.

ಕಾಯುವುದನ್ನು ಎಲ್ಲಿಗೆ ಮುಗಿಸಬೇಕು ಅನ್ನುವುದು ಇನ್ನೊಂದು ವಿಷಯ. 20 ಗಂಟೆ ಕಾದದ್ದು ತಪ್ಪು ಅಂತ ಈಗ ಕೂತು ಹೇಳುವುದು ಸುಲಭ. ಹೊರಡುವ ಮೊದಲೇ ಒಂದು ಸಂಖ್ಯೆ ಬರೆದಿಟ್ಟುಕೊಳ್ಳುವುದು ಉಪಯೋಗಕ್ಕೆ ಬರುವ ಕ್ರಮ. ಪೊಟರೆ ಇಷ್ಟು ಗಂಟೆಯಲ್ಲಿ ಕೂಡದಿದ್ದರೆ ಬಿಟ್ಟು, ಉಳಿದ ಇಂಧನದಲ್ಲಿ ಹೊಸ ಜೋಡಿ ರಂಧ್ರ ಶುರು ಮಾಡುವುದು ಅಂತ. ಆ ಸಂಖ್ಯೆಯನ್ನು ಊರಿನಲ್ಲಿ, ಬೆಚ್ಚಗಿನ ಕೋಣೆಯಲ್ಲಿ ಕೂತು ಬರೆಯಬೇಕು. ನಿದ್ದೆಗೆಟ್ಟು, ಸಲಿಕೆ ಹಿಡಿದು ಹಿಮ ಅಗೆಯುತ್ತಿರುವಾಗ ಅದು ಹೊಳೆಯುವುದಿಲ್ಲ.

ತಂಡ ಮಾಡಿದ ಒಂದು ಕೆಲಸಕ್ಕೆ ಪೂರ್ತಿ ಅಂಕ ಕೊಡಬೇಕು. ಸೋಲನ್ನು ಮುಚ್ಚಿಡಲಿಲ್ಲ. ಆ ವಾರವೇ ಏನಾಯಿತು ಅಂತ ಗಂಟೆಗಳ ಲೆಕ್ಕದ ಸಮೇತ ಹೇಳಿದರು, ಕಾರಣ ಇನ್ನೂ ಗೊತ್ತಿಲ್ಲ ಅಂತಲೂ ಹೇಳಿದರು. ಆಮೇಲೆ ವಿಜ್ಞಾನ ಪತ್ರಿಕೆಯಲ್ಲೂ ಬರೆದರು. ಗೆದ್ದ ಕೊರೆತಗಳ ವರದಿ ಬೇಕಾದಷ್ಟು ಸಿಗುತ್ತದೆ. ಕೂಡದ ಪೊಟರೆಯ ವರದಿ ಅಪರೂಪ.

ಬ್ರಿಟಿಷರ ಬಿಸಿನೀರಿನ ಕೊರೆತ ಅಲ್ಲಿಗೆ ಮುಗಿಯಲಿಲ್ಲ. 2019ರ ಜನವರಿ 8ರಂದು ಪಶ್ಚಿಮ ಅಂಟಾರ್ಕ್ಟಿಕಾದ ರಟ್‌ಫೋರ್ಡ್ ಹಿಮಪ್ರವಾಹದಲ್ಲಿ, 63 ಗಂಟೆ ನಿಲ್ಲದೆ ಕೊರೆದು, 2,152 ಮೀಟರ್ ಕೆಳಗೆ ತಳದ ಕೆಸರು ಮುಟ್ಟಿದರು. ಅದೇ ಪ್ರದೇಶದಲ್ಲಿ 2004ರಲ್ಲಿ ಮಾಡಿದ್ದ ಪ್ರಯತ್ನವೂ ಸೋತಿತ್ತು. ರಟ್‌ಫೋರ್ಡ್‌ನಲ್ಲಿ ಹುಡುಕುತ್ತಿದ್ದದ್ದು ಸರೋವರವನ್ನಲ್ಲ. ತಳದ ನೀರು ಮತ್ತು ಕೆಸರಿನ ಮೇಲೆ ಐಸ್ ಹೇಗೆ ಜಾರಿ ಸಮುದ್ರದ ಕಡೆ ಸಾಗುತ್ತದೆ ಅನ್ನುವುದನ್ನು ಅಳೆಯಬೇಕಿತ್ತು. ಎಲ್ಸ್‌ವರ್ತ್‌ನಷ್ಟು ಕಟ್ಟುನಿಟ್ಟಿನ ಶುದ್ಧೀಕರಣ ಅಲ್ಲಿ ಬೇಕಿರಲಿಲ್ಲ, ಆಳವೂ ಒಂದು ಕಿಲೋಮೀಟರ್ ಕಮ್ಮಿ. ಎಲ್ಸ್‌ವರ್ತ್‌ಗೆ ಮತ್ತೆ ಹೋಗುವವರು ಆ ಶುದ್ಧೀಕರಣವನ್ನೂ ಆ ಒಂದು ಕಿಲೋಮೀಟರನ್ನೂ ಸೇರಿಸಿಕೊಳ್ಳಬೇಕು. ರಂಧ್ರ ಇಳಿಯುತ್ತಿರುವಾಗಲೇ ಅದರ ವಾಲು ಅಳೆಯುವ ಸಾಧನ, ಜೊತೆಗೆ ಎರಡನೇ ಪೊಟರೆಗೆ ಬೇಕಾಗುವಷ್ಟು ಇಂಧನ, ಇವೆರಡನ್ನೂ ಮೊದಲ ದಿನದ ಸಾಮಾನಿನ ಪಟ್ಟಿಯಲ್ಲೇ ಬರೆಯಬೇಕು.